ಎದುರು ಮನೆಯ ಗ್ರಿಲ್ಲಿನಿಂದ ಬಂದ ಕಸೂತಿ

"ನಿಮ್ಮ ಕಸೂತಿಗೆ ಸ್ಫೂರ್ತಿ ಎಲ್ಲಿಂದ?" ಪ್ರದರ್ಶನದ ಮಳಿಗೆಯಲ್ಲಿ ಕುಳಿತವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹಲವು ವರ್ಷ ನಾನು ಇದಕ್ಕೆ ಸುಳ್ಳನ್ನೇ ಹೇಳಿಕೊಂಡು ಬಂದೆ. ಧಾರವಾಡದ ಗುಡಿಯ ಗೋಪುರ, ಅಜ್ಜಿ ಸುತ್ತುತ್ತಿದ್ದ ತುಳಸಿಕಟ್ಟೆ, ಜಾತ್ರೆಯ ತೇರು ಎಂದು ಶುರುಮಾಡಿದರೆ ಕೇಳಿದವರ ಮುಖ ಅರಳುತ್ತಿತ್ತು, ಕೈ ಪರ್ಸಿನ ಕಡೆಗೆ ಹೋಗುತ್ತಿತ್ತು. ನಿಜ ಸಂಗತಿ ಇಷ್ಟು: ಮುಂಬೈ ಬಳಿಯ ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಮೂರನೆಯ ಮಹಡಿಯ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿದ್ದುದು ಎದುರು ಕಟ್ಟಡದ ತುಕ್ಕು ಹಿಡಿದ ಕಬ್ಬಿಣದ ಗ್ರಿಲ್. ನನ್ನ ವಿನ್ಯಾಸಗಳು ಹುಟ್ಟಿದ್ದು ಅಲ್ಲಿ. ಹಾಗೆಂದು ಹೇಳಿದರೆ ಯಾರು ದುಡ್ಡು ಕೊಟ್ಟಾರು ಎಂಬ ಅಳುಕು ನನ್ನದು.

ಅಜ್ಜಿಯ ವಿಷಯ ಮಾತ್ರ ಸುಳ್ಳಲ್ಲ. ಅವಳ ಹತ್ತಿರ ಒಂದು ಕಪ್ಪು ಚಂದ್ರಕಾಳಿ ಸೀರೆ ಇತ್ತು. ಸೆರಗಿನ ತುಂಬ ಆನೆ, ಪಲ್ಲಕ್ಕಿ, ತೊಟ್ಟಿಲು. ಹತ್ತನೆಯ ವಯಸ್ಸಿನಲ್ಲಿ ಆ ಸೀರೆಯ ಮಡಿಕೆ ಬಿಚ್ಚಿ ಹಿಂಬದಿಯನ್ನು ನೋಡಿದಾಗ ನನಗೆ ಸಿಕ್ಕಿದ್ದು ಅದೇ ಆನೆ, ಅದೇ ತೊಟ್ಟಿಲು. ಗಂಟಿಲ್ಲ, ದಾರದ ತುದಿ ಇಲ್ಲ. ಹೊಲಿದದ್ದು ಯಾವ ಕಡೆಯಿಂದ ಎಂದು ಕೇಳಿದರೆ ಅಜ್ಜಿ, "ತಂಗಿ, ಅದು ಗೊತ್ತಾಗದಂತೆ ಹೊಲಿಯುವುದೇ ಕೆಲಸ" ಎಂದಳು. ಅವಳು ಕಲಿಸಿದ್ದು ಬಹಳ ಕಡಿಮೆ. ಕಲಿಸುವಷ್ಟು ತಾಳ್ಮೆ ಅವಳಿಗೂ ಇರಲಿಲ್ಲ, ಕಲಿಯುವಷ್ಟು ನನಗೂ ಇರಲಿಲ್ಲ. ಒಂದು ರಜೆಯಲ್ಲಿ ಅವಳು ಹೊಲಿದ ಹಳೆಯ ಕುಪ್ಪಸದ ಚೂರೊಂದನ್ನು ಕದ್ದು, ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ದಾರ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡಿದೆ. ಹೊಲಿಯುವುದಕ್ಕಿಂತ ಮೊದಲು ನಾನು ಕಲಿತದ್ದು ಬಿಚ್ಚುವುದನ್ನು.

ಕಸೂತಿಯಲ್ಲಿ ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಮುರಗಿ ಮೆಟ್ಟಿಲಿನಂತೆ ಹತ್ತಿಳಿಯುತ್ತದೆ. ನೇಯ್ಗಿ ಬಟ್ಟೆಯಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತಿ ಎಂದರೆ ಮೆಂತ್ಯದ ಕಾಳಿನಂತಹ ಕತ್ತರಿ ಹೊಲಿಗೆ. ಹಿಂದೆ ಮುಂದೆ ಒಂದೇ ರೀತಿ ಕಾಣುವುದು ಮೊದಲ ಎರಡರಲ್ಲಿ ಮಾತ್ರ. ನಾನು ಗವಂತಿಯವಳು. ಗವಂತಿ ಎಂಬ ಹೆಸರು ಗಂಟಿನಿಂದ ಬಂದಿದೆ ಎನ್ನುತ್ತಾರೆ. ಗಂಟನ್ನೇ ಹಾಕಬಾರದ ಹೊಲಿಗೆಗೆ ಈ ಹೆಸರು ಯಾರಿಟ್ಟರೋ! ಬಟ್ಟೆಯ ಮೇಲೆ ಏನನ್ನೂ ಬರೆದುಕೊಳ್ಳುವುದಿಲ್ಲ, ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟ ಜಾಗ ತುಂಬುತ್ತ ಬರಬೇಕು. ನನ್ನ ಲೋಕಲ್ ಟ್ರೇನಿನ ಗೆಳತಿಯೊಬ್ಬಳು ಇದನ್ನು ನೋಡಿ, "ಇದು ನಮ್ಮದೇ ಕತೆ. ಬೆಳಿಗ್ಗೆ ಹೋಗುವುದು, ಸಂಜೆ ಅದೇ ಹಳಿಯ ಮೇಲೆ ಮರಳುವುದು" ಎಂದು ನಕ್ಕಿದ್ದಳು.

ಮದುವೆಯಾಗಿ 1999ರಲ್ಲಿ ಡೊಂಬಿವಲಿಗೆ ಬಂದೆ. ಫೋರ್ಟ್ ಪ್ರದೇಶದ ಒಂದು ಕಚೇರಿಯ ಲೆಕ್ಕದ ವಿಭಾಗದಲ್ಲಿ ಹದಿನೇಳು ವರ್ಷ ದುಡಿದೆ. ಡೊಂಬಿವಲಿಯಲ್ಲಿ ಹತ್ತಿ ಸೀಟು ಹಿಡಿಯುವುದು ಆಗದ ಮಾತು ಎಂದು, ಮೊದಲು ಕಲ್ಯಾಣಕ್ಕೆ ಹೋಗುವ ಗಾಡಿ ಹತ್ತಿ, ಅಲ್ಲಿಂದ ಕುಳಿತು ಬರುವುದನ್ನು ಬೇಗ ಕಲಿತೆ. ಕುಳಿತ ಮೇಲೆ ಛತ್ರಪತಿ ಶಿವಾಜಿ ಟರ್ಮಿನಸ್‌ವರೆಗೆ ಒಂದು ಗಂಟೆಗೂ ಮೀರಿದ ಪ್ರಯಾಣ. ಮಹಿಳೆಯರ ಡಬ್ಬಿಯಲ್ಲಿ ಯಾರೋ ಅವರೆಕಾಯಿ ಸುಲಿಯುತ್ತಿರುತ್ತಾರೆ, ಇನ್ನಾರೋ ಕ್ರೋಶಾ ಹೆಣೆಯುತ್ತಿರುತ್ತಾರೆ. ನಾನು ಮ್ಯಾಟಿ ಬಟ್ಟೆಯ ಚೂರು ತೆಗೆದೆ. ಅದರ ರಂಧ್ರಗಳು ದೊಡ್ಡವು, ಗಾಡಿ ಅಲುಗಿದರೂ ಲೆಕ್ಕ ತಪ್ಪುವುದಿಲ್ಲ. ಮೊಂಡು ಮೊನೆಯ ಸೂಜಿಯಾದರೆ ಬಟ್ಟೆಯ ಎಳೆ ಸೀಳುವುದಿಲ್ಲ, ಪಕ್ಕದವರ ತೊಡೆಗೂ ಚುಚ್ಚುವುದಿಲ್ಲ. ರೇಷ್ಮೆಯ ಮೇಲೆ ಮಾತ್ರ ಟ್ರೇನಿನಲ್ಲಿ ಕೈ ಹಾಕಬಾರದು. ಒಮ್ಮೆ ಹಾಕಿದೆ, ಕುರ್ಲಾ ಬರುವ ಹೊತ್ತಿಗೆ ತೇರಿನ ಗಾಲಿ ಎರಡು ಎಳೆ ಓರೆಯಾಗಿತ್ತು.

ಆ ಕಾಲದಲ್ಲಿ ಹೊಲಿಯುತ್ತಿದ್ದುದೆಲ್ಲ ಅಜ್ಜಿಯ ನಕಲು. ಗೋಪುರ, ನವಿಲು, ಕಮಲ. ಒಂದು ದಿನ ಡಬ್ಬಿಯಲ್ಲಿ ಒಬ್ಬ ಹುಡುಗಿ, "ಆಂಟಿ, ನೀವು ಪಲ್ಲಕ್ಕಿ ನೋಡಿದ್ದೀರಾ?" ಎಂದು ಕೇಳಿದಳು. ಗುಡಿಯಲ್ಲಿ ನೋಡಿದ್ದೆ, ನಿಜ. ಆದರೆ ಪ್ರತಿದಿನ ನೋಡುತ್ತಿದ್ದುದು ಬೇರೆ ಏನನ್ನೋ. ಹಾಗಾದರೆ ಏನು ನೋಡುತ್ತಿದ್ದೇನೆ ಎಂದು ಕಣ್ಣು ತೆರೆದು ಹುಡುಕತೊಡಗಿದೆ. ಟರ್ಮಿನಸ್ಸಿನ ಕಟ್ಟಡದಿಂದಲೇ ಶುರುಮಾಡಿದೆ. 1888ರಲ್ಲಿ ಮುಗಿದ ಕಟ್ಟಡ, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಬಾಗಿಲ ಕಂಬಗಳ ಮೇಲೆ ಕಲ್ಲಿನ ಸಿಂಹ ಒಂದು ಕಡೆ, ಹುಲಿ ಇನ್ನೊಂದು ಕಡೆ. ಸ್ಫೂರ್ತಿ ಎಂದರೆ ಇಂಥಲ್ಲಿ ಇರಬೇಕು ಎಂದು ಗ್ರಾಫ್ ಹಾಳೆ ಹಿಡಿದು ಮೂರು ವಾರ ಒದ್ದಾಡಿದೆ. ಸಿಂಹ ಬರಲಿಲ್ಲ, ಬೆಕ್ಕು ಬಂತು. ಅದೂ ಹಸಿದ ಬೆಕ್ಕು. ಲೋಕಲ್ಲಿನ ಮಹಿಳೆಯರ ಡಬ್ಬಿಯ ಮೇಲೆ ಸೆರಗು ಹೊದ್ದ ಹೆಂಗಸಿನ ಚಿತ್ರ ಇರುತ್ತಿತ್ತಲ್ಲ, ಅದನ್ನೂ ಪ್ರಯತ್ನಿಸಿದೆ. ಆ ಸೆರಗಿನ ಬಳುಕು ಕಸೂತಿಗೆ ದಕ್ಕುವುದಿಲ್ಲ. ಗವಂತಿ ಅಡ್ಡ ಹೋಗುತ್ತದೆ, ಉದ್ದ ಹೋಗುತ್ತದೆ, ಓರೆ ಹೋಗುತ್ತದೆ, ಬಳುಕುವುದಿಲ್ಲ.

ಮಳೆಗಾಲದ ಒಂದು ರವಿವಾರ ಒಲೆಯ ಮೇಲೆ ಹಾಲಿಟ್ಟು ಕಿಟಕಿಯ ಬಳಿ ನಿಂತಿದ್ದೆ. ಎದುರಿನ ಕಟ್ಟಡ ನಾಲ್ಕು ಮಹಡಿಯದು. ಪ್ರತಿ ಮನೆಯ ಕಿಟಕಿಗೂ ಬೇರೆ ಬೇರೆ ವಿನ್ಯಾಸದ ಗ್ರಿಲ್. ಒಬ್ಬರದು ಚೌಕದೊಳಗೆ ವಜ್ರಾಕೃತಿ, ಇನ್ನೊಬ್ಬರದು ಮೆಟ್ಟಿಲು ಮೆಟ್ಟಿಲು, ಎರಡನೆಯ ಮಹಡಿಯಲ್ಲಿದ್ದ, ನಾವು ಕಾಕು ಎಂದು ಕರೆಯುವ ಹಿರಿಯ ಹೆಂಗಸಿನದು ಅರ್ಧ ಸೂರ್ಯ. ಹಾಲು ಉಕ್ಕಿತು. ಉಕ್ಕಿದ್ದು ಗೊತ್ತಾಗಿಯೂ ನಾನು ಅಲ್ಲೇ ನಿಂತು ಸರಳು ಎಣಿಸುತ್ತಿದ್ದೆ. ಹದಿಮೂರು ವರ್ಷ ಪಾತ್ರೆ ತೊಳೆಯುತ್ತ ನೋಡಿದ ಕಿಟಕಿಗಳು ಆ ದಿನ ಅಜ್ಜಿಯ ಸೆರಗಿನಂತೆ ಕಂಡವು. ಅಡ್ಡ, ಉದ್ದ, ಓರೆ ಮಾತ್ರ ಗೊತ್ತಿರುವ ಕೈಗಳು ಮಾಡಿದ ಕೆಲಸ ಅದು. ಸರಳು ಬೆಸೆಯುವವನಿಗೂ ಕಸೂತಿಯವಳಿಗೂ ಇರುವ ಕಟ್ಟುಪಾಡು ಹೆಚ್ಚುಕಡಿಮೆ ಒಂದೇ.

ಮೊದಲು ಕೈ ಹಾಕಿದ್ದು ಕಾಕುವಿನ ಅರ್ಧ ಸೂರ್ಯನಿಗೆ. ಗ್ರಾಫ್ ಹಾಳೆಯ ಒಂದು ಮನೆ ಎಂದರೆ ಒಂದು ಹೊಲಿಗೆ. ಗ್ರಿಲ್ಲಿನಲ್ಲಿ ಒಂಬತ್ತು ಕಿರಣಗಳಿದ್ದವು, ಬುಡದಲ್ಲಿ ಕಮಾನು. ಎಳೆ ಎಣಿಸಿ ಹೊಲಿಯುವಾಗ ಒಂದು ಬಿಂದುವಿನಿಂದ ಮೇಲ್ಭಾಗಕ್ಕೆ ಸಲೀಸಾಗಿ ಹೊರಡುವುದು ಐದೇ ಗೆರೆ: ಎಡ, ಎಡ ಓರೆ, ನೇರ ಮೇಲೆ, ಬಲ ಓರೆ, ಬಲ. ಉಳಿದ ನಾಲ್ಕನ್ನು ಹೇಗಾದರೂ ತುರುಕಬೇಕೆಂದು ಹಟ ಹಿಡಿದೆ. ಮುಳ್ಳುಹಂದಿಯಂತಾಯಿತು. ಕೊನೆಗೆ ನಾಲ್ಕು ಕಿರಣ ಬಿಟ್ಟೆ, ಕಮಾನಿನ ಬದಲಿಗೆ ಮುರಗಿಯ ಮೂರು ಮೆಟ್ಟಿಲು ಹಾಕಿದೆ. ಆಗ ಅದು ಗ್ರಿಲ್ಲಿಗಿಂತ ಚೆನ್ನಾಯಿತು. ಅಜ್ಜಿಯ ಆನೆಗೆ ಮಂಡಿಯೇ ಇರಲಿಲ್ಲ ಎಂಬುದು ನನಗೆ ನೆನಪಾದದ್ದು ಆಮೇಲೆ. ನಾಲ್ಕು ನೇರ ಕಾಲು, ಚೌಕದ ಮೈ, ಆದರೂ ಆನೆಯಲ್ಲ ಎಂದು ಯಾರೂ ಹೇಳಿರಲಿಲ್ಲ. ಆ ಐದು ಕಿರಣದ ಸೂರ್ಯನೇ ಇಂದಿಗೂ ನನ್ನಲ್ಲಿ ಹೆಚ್ಚು ಮಾರಾಟವಾಗುವ ವಿನ್ಯಾಸ.

ಗ್ರಿಲ್ ಹೊಲಿಯುವುದರಲ್ಲಿ ತೊಡಕು ಇರುವುದು ಕವಲುಗಳಲ್ಲಿ. ಗೋಪುರವನ್ನು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಗೆ ಇಳಿಯಬಹುದು. ಗ್ರಿಲ್ ಹಾಗಲ್ಲ, ಪ್ರತಿ ಸರಳಿನಿಂದ ಇನ್ನೊಂದು ಸರಳು ಹೊರಡುತ್ತದೆ. ದಾರ ಎಲ್ಲೂ ಕತ್ತರಿಸದೆ, ಎಲ್ಲ ಗೆರೆಯನ್ನೂ ಎರಡೆರಡು ಸಲ ನಡೆದು, ಹೊರಟಲ್ಲಿಗೇ ಬಂದು ಸೇರಬೇಕು. ನಾನು ಕಂಡುಕೊಂಡ ದಾರಿ ಇದು: ಕವಲು ಸಿಕ್ಕಾಗ ಮುಖ್ಯ ಗೆರೆ ಬಿಟ್ಟು ಕವಲಿನ ತುದಿಯವರೆಗೆ ಹೋಗಿ, ಹೋದ ದಾರಿಯಲ್ಲೇ ಮರಳಿ, ಬಿಟ್ಟ ಜಾಗ ತುಂಬಿ, ಮುಖ್ಯ ಗೆರೆಗೆ ಸೇರಿಕೊಳ್ಳುವುದು. ಹತ್ತಿರವಾಯಿತೆಂದು ಬೇರೆ ದಾರಿಯಲ್ಲಿ ಮರಳಿದರೆ ಎಲ್ಲೋ ಒಂದು ಕಡೆ ಹೊಲಿಗೆ ಮುಂಬದಿಯಲ್ಲೇ ಎರಡು ಸಲ ಬಿದ್ದು, ಹಿಂಬದಿ ಬೋಳಾಗಿ ಉಳಿಯುತ್ತದೆ. ಇದು ತಿಳಿಯುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಈಗ ಕಲಿಯಲು ಬರುವವರಿಗೆ ಸೂಜಿ ಕೊಡುವ ಮೊದಲು ಪೆನ್ಸಿಲ್ ಕೊಟ್ಟು ದಾರಿ ನಡೆಯಿರಿ ಎನ್ನುತ್ತೇನೆ. ಅರ್ಧದಷ್ಟು ಜನ ಅಲ್ಲೇ ಬಿಟ್ಟುಹೋಗುತ್ತಾರೆ. ಹೋಗಲಿ ಬಿಡಿ.

ದಾರವನ್ನು ಮೊಳಕ್ಕಿಂತ ಉದ್ದ ತೆಗೆದುಕೊಳ್ಳುವುದಿಲ್ಲ. ಬಟ್ಟೆಯಲ್ಲಿ ಹತ್ತಾರು ಸಲ ಹಾದು ದಾರದ ಹೊಳಪು ಸವೆಯುತ್ತದೆ. ಆರು ಎಳೆಯ ದಾರದಿಂದ ಎರಡೇ ಎಳೆ ಬಿಡಿಸಿಕೊಳ್ಳುತ್ತೇನೆ. ಮೊದಲ ತುದಿಯನ್ನು ಗಂಟು ಹಾಕದೆ ಬಿಟ್ಟು, ಮರಳುವ ಹೊಲಿಗೆಗಳ ಅಡಿಯಲ್ಲಿ ಅಡಗಿಸುತ್ತೇನೆ. ಕಪ್ಪು ಬಟ್ಟೆಯಲ್ಲಿ ಎಳೆ ಕಾಣದಿದ್ದಾಗ ತೊಡೆಯ ಮೇಲೆ ಬಿಳಿಯ ಪಂಚೆ ಹಾಸಿಕೊಂಡರೆ ರಂಧ್ರಗಳು ಬೆಳ್ಳಗೆ ಕಾಣುತ್ತವೆ. ಇದು ಅಜ್ಜಿಯ ಉಪಾಯ. ಅವಳು ಅಜ್ಜನ ಪಂಚೆಯನ್ನು ಯಾವಾಗಲೂ ಮಡಿಲಲ್ಲಿ ಏಕೆ ಇಟ್ಟುಕೊಳ್ಳುತ್ತಾಳೆ ಎಂದು ಚಿಕ್ಕವಳಿದ್ದಾಗ ನಾನು ಬೇರೆಯೇ ಅರ್ಥ ಮಾಡಿಕೊಂಡಿದ್ದೆ. ಎಳೆ ಎಣಿಸಲಾಗದಷ್ಟು ನಯವಾದ ರೇಷ್ಮೆಯಾದರೆ ಮೇಲೆ ಜಾಳು ಕ್ಯಾನ್ವಾಸ್ ಹಚ್ಚಿ, ಅದರ ಮನೆ ಎಣಿಸಿ ಹೊಲಿದು, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ಎಳೆದು ತೆಗೆಯುತ್ತೇನೆ. ಕ್ಯಾನ್ವಾಸನ್ನು ನೀರು ಹಚ್ಚಿ ಮೆತ್ತಗೆ ಮಾಡಿಕೊಳ್ಳಿ ಎಂದು ಹಲವರು ಹೇಳುತ್ತಾರೆ. ರೇಷ್ಮೆಯ ಮೇಲೆ ನೀರಿನ ಕಲೆ ಕೂರುವ ಭಯ ನನಗೆ, ಒಣಗಿದ್ದನ್ನೇ ಎಳೆಯುತ್ತೇನೆ. ಬೆರಳು ನೋಯುತ್ತದೆ, ಅಷ್ಟೆ.

2016ರಲ್ಲಿ ಕೆಲಸ ಬಿಟ್ಟೆ. ಬಿಟ್ಟ ವರ್ಷವೇ ಎರಡು ಪೆಟ್ಟು ತಿಂದೆ. ಒಂದು ಬಣ್ಣದ್ದು. ಅಗ್ಗಕ್ಕೆ ಸಿಕ್ಕಿತೆಂದು ಬೀದಿಯಲ್ಲಿ ಕೊಂಡ ಕೆಂಪು ದಾರದಿಂದ ಕೆನೆಬಣ್ಣದ ಟಸ್ಸರ್ ದುಪ್ಪಟ್ಟಾ ಹೊಲಿದೆ. ಗಿರಾಕಿ ತೊಳೆದ ದಿನವೇ ಫೋಟೊ ಕಳಿಸಿದರು, ಸೂರ್ಯನಿಗೆ ಗುಲಾಬಿ ಗ್ರಹಣ. ಹಣ ಹಿಂತಿರುಗಿಸಿದೆ, ದುಪ್ಪಟ್ಟಾ ನನ್ನ ಬಳಿ ಇದೆ. ಅಂದಿನಿಂದ ಯಾವ ದಾರವನ್ನಾದರೂ ಮೊದಲು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ ನೋಡುತ್ತೇನೆ. ಕಲೆ ಬಂದರೆ ಆ ಲಡಿ ರಾಖಿ ಕಟ್ಟುವುದಕ್ಕೆ.

ಇನ್ನೊಂದು ದರದ್ದು. ಮೊದಲ ಇಳಕಲ್ ಸೀರೆಯನ್ನು 6,500 ರೂಪಾಯಿಗೆ ಮಾರಿ ಹೆಮ್ಮೆಪಟ್ಟೆ. ಹದಿನೇಳು ವರ್ಷ ಬೇರೆಯವರ ಲೆಕ್ಕ ಬರೆದವಳು ನನ್ನ ಲೆಕ್ಕವನ್ನು ಬರೆದಿರಲಿಲ್ಲ. ಸೀರೆಗೆ 3,800, ದಾರಕ್ಕೆ 300 ಹೋಗಿ ಉಳಿದದ್ದು 2,400. ಹೊಲಿದ ಗಂಟೆ 160. ಗಂಟೆಗೆ ಹದಿನೈದು ರೂಪಾಯಿ. ಆ ರಾತ್ರಿ ಊಟ ಸೇರಲಿಲ್ಲ. ಈಗ ಪ್ರತಿ ತುಂಡಿನ ಚೀಟಿಯಲ್ಲಿ ಬೆಲೆಯ ಜೊತೆಗೆ ಗಂಟೆಯನ್ನೂ ಬರೆಯುತ್ತೇನೆ. ಕೆಲವರು ಓದಿ ಚೀಟಿಯನ್ನು ಮೆಲ್ಲಗೆ ಕೆಳಗಿಟ್ಟು ಮುಂದಿನ ಮಳಿಗೆಗೆ ಹೋಗುತ್ತಾರೆ. ಕೊಳ್ಳುವವರು ಮಾತ್ರ ಚೌಕಾಸಿ ಮಾಡುವುದಿಲ್ಲ.

ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿದೆ. ಹೆಸರಿಗೆ ರಕ್ಷಣೆ ಇದೆ, ಆದರೆ ಯಂತ್ರದ ಹೊಲಿಗೆಗೆ 'ಕಸೂತಿ' ಎಂಬ ಚೀಟಿ ಹಚ್ಚಿ ಮಾರುವುದು ನಿಂತಿಲ್ಲ. ಉಪನಗರದ ಒಂದು ಬಟ್ಟೆಯಂಗಡಿ ನನ್ನಿಂದ ಆರು ಕುಪ್ಪಸ ತೆಗೆದುಕೊಂಡು, ದೀಪಾವಳಿಗೆ ನಲವತ್ತು ಬೇಕೆಂದು ಹೇಳಿ, ಆಮೇಲೆ ಸುಮ್ಮನಾಯಿತು. ದೀಪಾವಳಿಯ ಬೆಳಿಗ್ಗೆ ಫಡಕೆ ರಸ್ತೆಯಲ್ಲಿ ಊರಿನ ಹುಡುಗ ಹುಡುಗಿಯರೆಲ್ಲ ಹೊಸ ಬಟ್ಟೆ ತೊಟ್ಟು ಸೇರುವುದು ಡೊಂಬಿವಲಿಯ ವಾಡಿಕೆ. ಆ ಗುಂಪಿನಲ್ಲಿ ನನ್ನ ಐದು ಕಿರಣದ ಸೂರ್ಯ ಮೂರು ಜನರ ಬೆನ್ನಿನ ಮೇಲೆ ಹೋಗುತ್ತಿತ್ತು. ಯಂತ್ರದಲ್ಲಿ ಹೊಲಿದದ್ದು. ಸಿಟ್ಟು ಬಂತು. ಜಗಳಕ್ಕೆ ಹೋಗಲಿಲ್ಲ, ಹೋಗಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಒಂದು ಹುಡುಗಿಯ ಹಿಂದೆ ನಾಲ್ಕು ಹೆಜ್ಜೆ ನಡೆದು, ಕುಪ್ಪಸದ ಒಳಬದಿ ಹೇಗಿದೆ ಎಂದು ಕೇಳೋಣವೆಂದು ಬಾಯಿ ತೆರೆದೆ. ಹಬ್ಬದ ದಿನ ಅಪರಿಚಿತ ಹುಡುಗಿಗೆ ಕೇಳುವ ಪ್ರಶ್ನೆಯೇ ಅದು?

ಆಮೇಲೆ ರವಿವಾರಗಳಲ್ಲಿ ಗ್ರಿಲ್ ನೋಡಲು ಹೊರಟೆ. ಮಾಟುಂಗಾ, ದಾದರ್‌ನ ಹಿಂದೂ ಕಾಲೊನಿ, ಮರೀನ್ ಡ್ರೈವ್. ಅಲ್ಲಿಯ ಆರ್ಟ್ ಡೆಕೊ ಎಂಬ ಶೈಲಿಯ ಕಟ್ಟಡಗಳು 1930ರ, 40ರ ದಶಕದವು. ಮರೀನ್ ಡ್ರೈವ್ ಕಡೆಯವು ಫೋರ್ಟಿನ ಗೋಥಿಕ್ ಕಟ್ಟಡಗಳ ಜೊತೆ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿವೆ. ಅವುಗಳ ಗೇಟು, ಬಾಲ್ಕನಿ, ಜಾಲರಿಗಳಲ್ಲಿ ಸೂರ್ಯ, ಅಲೆ, ಅಂಕುಡೊಂಕು ಗೆರೆ. ಅಂಕುಡೊಂಕು ನೋಡಿದರೆ ಸಾಕು, ಮುರಗಿ ಎಂದು ಕೈ ತುರಿಸುತ್ತದೆ. ಮಾಟುಂಗಾದಲ್ಲಿ ಒಬ್ಬ ಕಾವಲುಗಾರ, ಮೊಬೈಲ್ ಹಿಡಿದು ಕಿಟಕಿ ಎಣಿಸುತ್ತಿದ್ದ ನನ್ನನ್ನು ಕಳ್ಳರ ಕಡೆಯವಳೆಂದು ತಡೆದ. ಚೀಲದಿಂದ ಬಟ್ಟೆ ತೆಗೆದು ತೋರಿಸಿದ ಮೇಲೆ ತಾನೇ ಹಿಂದಿನ ಮೆಟ್ಟಿಲಿನ ಗ್ರಿಲ್ ತೋರಿಸಿದ. ಚೆಂದದ ಕಟ್ಟಡಗಳು, ಒಪ್ಪುತ್ತೇನೆ. ಆದರೆ ನನ್ನ ಸೂಜಿ ಡೊಂಬಿವಲಿಯ ಬೆಸುಗೆಯಂಗಡಿಯವನ ಗ್ರಿಲ್ಲಿಗೇ ಮರಳುತ್ತದೆ. ಅವನಿಗೆ ನಕ್ಷೆ ಕೊಟ್ಟ ವಾಸ್ತುಶಿಲ್ಪಿ ಇರಲಿಲ್ಲ. ಮನೆಯಾಕೆ ಬೀದಿಯಲ್ಲಿ ನಿಂತು ಕೈಯಾಡಿಸಿ ಹೇಳಿದ್ದನ್ನು ಅವನು ಸರಳಿನ ಅಳತೆಗೆ ತಂದಿರುತ್ತಾನೆ.

ಆ ಗ್ರಿಲ್ಲುಗಳು ಈಗ ಹೋಗುತ್ತಿವೆ. ನಮ್ಮ ಬೀದಿಯ ಹಳೆಯ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಬಿದ್ದಿವೆ. ಹೊಸ ಗೋಪುರಗಳಿಗೆ ಗಾಜಿನ ಜಾರುಕಿಟಕಿ. ಕಳೆದ ವರ್ಷ ಎದುರಿನ ಕಟ್ಟಡ ಖಾಲಿಯಾಯಿತು. ಗುಜರಿಯವನು ಗ್ರಿಲ್ಲುಗಳನ್ನು ಕಿತ್ತು, ಕಾಂಪೌಂಡಿನಲ್ಲಿ ಒಂದರ ಮೇಲೊಂದು ಪೇರಿಸಿ ತೂಗುತ್ತಿದ್ದ. ಹದಿನಾರು ಮನೆಯ ವಿನ್ಯಾಸ ಒಂದೇ ತಕ್ಕಡಿಯಲ್ಲಿ. ನಾನು ಗ್ರಾಫ್ ಪುಸ್ತಕ ಹಿಡಿದು ಇಳಿದು ಹೋಗಿ, ಅವನು ತೂಗುವ ಮೊದಲು ಒಂದೊಂದನ್ನು ಬರೆದುಕೊಂಡೆ. ಅವನಿಗೆ ಮೊದಲು ನಗು, ಆಮೇಲೆ ಬೇಸರ. ಮಧ್ಯಾಹ್ನದ ಹೊತ್ತಿಗೆ, "ತಾಈ, ಇದನ್ನು ಬರೆದಿರಾ?" ಎಂದು ತಾನೇ ಎತ್ತಿ ಹಿಡಿಯತೊಡಗಿದ. ಹದಿನಾಲ್ಕು ಸಿಕ್ಕವು. ನಾನು ಬರುವ ಮೊದಲೇ ಎರಡು ಟೆಂಪೊದಲ್ಲಿ ಹೋಗಿಬಿಟ್ಟಿದ್ದವು.

ಕಾಕುವಿನ ಸೂರ್ಯ ಆ ಎರಡರಲ್ಲಿ ಒಂದು. ಚಿಂತೆ ಇರಲಿಲ್ಲ, ಅದು ನನಗೆ ಬಾಯಿಪಾಠ. ಈ ಸಲ ಒಂಬತ್ತು ಕಿರಣವನ್ನೂ ಬಿಡದೆ, ಓರೆಯ ಮಧ್ಯದ ನಾಲ್ಕನ್ನು ಮೆಟ್ಟಿಲು ಮಾಡಿ, ಇಡೀ ಗ್ರಿಲ್ಲನ್ನು ಅಂಗೈಯಗಲದ ಎರಡು ಪಟ್ಟು ಬಟ್ಟೆಯಲ್ಲಿ ಹೊಲಿದೆ. ಚೌಕಟ್ಟಿಗೆ ಎರಡೂ ಬದಿ ಗಾಜು ಹಾಕಿಸಿದೆ. ಕಾಕು ಈಗ ಠಾಕುರ್ಲಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಚಹ ಕುಡಿದು ಕೊಟ್ಟೆ. ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ" ಎಂದು ಮರಾಠಿಯಲ್ಲಿ ಹೇಳಿ, ಚೌಕಟ್ಟನ್ನು ತಿರುವಿ ಹಿಂಬದಿ ನೋಡಿದರು. "ನೀನು ಹೊರಗಿನಿಂದ ನೋಡಿದವಳು. ನಾನು ಮೂವತ್ತೆಂಟು ವರ್ಷ ಒಳಗಿನಿಂದ ನೋಡಿದ್ದೇನೆ. ಇಗೋ, ಇಲ್ಲಿ, ಕೆಳಗಿನ ಎರಡನೆಯ ಸರಳು ಬಾಗಿತ್ತು. ನಮ್ಮವನು ಚಿಕ್ಕವನಿದ್ದಾಗ ಕಾಲಿಟ್ಟು ಹತ್ತಿ ಬಾಗಿಸಿದ್ದ. ನೀನು ನೆಟ್ಟಗೆ ಮಾಡಿಬಿಟ್ಟಿದ್ದೀಯ."

ನಮ್ಮ ಅಡುಗೆಮನೆಯಿಂದ ಆ ಬಾಗು ಒಂದು ದಿನವೂ ಕಂಡಿರಲಿಲ್ಲ. ಚೌಕಟ್ಟನ್ನು ವಾಪಸು ತಂದೆ. ಬಾಗಿದ ಸರಳು ಕಸೂತಿಯಲ್ಲಿ ಆಗದು, ಆದರೆ ಒಂದು ಹೊಲಿಗೆ ಓರೆ ಇಳಿದು ಮತ್ತೊಂದು ಓರೆ ಹತ್ತಿದರೆ ಬಾಗಿದಂತೆ ಕಾಣುತ್ತದೆ. ಅದಕ್ಕಾಗಿ ಬುಡದ ಸಾಲಿನ ಹೊಲಿಗೆಗಳನ್ನು ಹಿಂಬದಿಯಿಂದ ಬಿಚ್ಚುತ್ತ ಬರಬೇಕು. ನಿನ್ನೆಯವರೆಗೆ ಹನ್ನೊಂದು ಬಿಚ್ಚಿದ್ದೇನೆ.